ಪ್ಲಾಸ್ಟರ್ ಬಿಚ್ಚಾಯಿತು, ಕೈ ಯಾಕೆ ಇನ್ನೂ ಬಂದಿಲ್ಲ?

ಪ್ರಶ್ನೆ: ನನಗೆ 54 ವರ್ಷ. ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ ಇದೆ. ಜುಲೈ ಮಳೆಯಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದೆ. ಬಲಗೈ ಊರಿದ್ದರಿಂದ ಮಣಿಕಟ್ಟಿನ ಮೂಳೆ ಮುರಿಯಿತು. ಆಪರೇಷನ್ ಬೇಕಾಗಲಿಲ್ಲ. ಆರು ವಾರ ಪ್ಲಾಸ್ಟರ್ ಇತ್ತು, ಬಿಚ್ಚಿ ಹತ್ತು ದಿನ ಆಯಿತು. ಮೂಳೆ ಕೂಡಿದೆ, ಕೈ ಆಡಿಸ್ತಾ ಇರಿ ಎಂದು ಡಾಕ್ಟರು ಕಳಿಸಿದರು. ಆದರೆ ಮುಷ್ಟಿ ಮುಚ್ಚಲು ಬರುತ್ತಿಲ್ಲ. ಅಂಗೈಯನ್ನು ಮೇಲ್ಮುಖ ಮಾಡಲು ಆಗುತ್ತಿಲ್ಲ. ಸಂಜೆಯಾದರೆ ಬೆರಳು ಊದುತ್ತವೆ. ಮಗ ರಬ್ಬರ್ ಚೆಂಡು ತಂದುಕೊಟ್ಟು ದಿನವಿಡೀ ಹಿಸುಕು ಅನ್ನುತ್ತಾನೆ. ಪಕ್ಕದ ಮನೆಯವರು ಎಣ್ಣೆ ಹಾಕಿ ಎಳೆದು ಸರಿ ಮಾಡುವವರ ಹತ್ತಿರ ಹೋಗೋಣ ಅನ್ನುತ್ತಾರೆ. ನವೆಂಬರ್‌ಗೆ ಕೊಯ್ಲು ಶುರು. ಅಷ್ಟರಲ್ಲಿ ಕೈ ಬರುತ್ತಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಇರಬೇಕು. ನವೆಂಬರ್ ಹೊತ್ತಿಗೆ ಹಣ್ಣು ಬಿಡಿಸುವಷ್ಟು ಬೆರಳು ಬರುವ ಸಾಧ್ಯತೆ ಚೆನ್ನಾಗಿದೆ. ತುಂಬಿದ ಚೀಲ ಎತ್ತುವಷ್ಟು ಮಣಿಕಟ್ಟು ಬರುವುದು ಇನ್ನೂ ತಡ. ಹತ್ತು ದಿನಕ್ಕೆ ಮುಷ್ಟಿ ಮುಚ್ಚದೇ ಇರುವುದು ಗಾಬರಿಯ ವಿಷಯ ಅಲ್ಲ. ನಿಮ್ಮಂಥವರು ನನಗೆ ಹೊಸಬರೂ ಅಲ್ಲ. ಹಾಸನದಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಜೂನ್‌ನಿಂದ ಸೆಪ್ಟೆಂಬರ್ ಅಂದರೆ ಮಣಿಕಟ್ಟಿನ ಸೀಸನ್. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯಿಂದ ಜಾರಿ ಬಿದ್ದವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಎಲ್ಲರೂ ಹೇಳುವ ಮಾತು ಒಂದೇ: "ಕಟ್ಟು ಬಿಚ್ಚಿದ ದಿನವೇ ಕೈ ಸರಿ ಹೋಗುತ್ತೆ ಅಂದ್ಕೊಂಡಿದ್ದೆ."

ಹಾಗೆ ಅಂದುಕೊಳ್ಳುವುದು ಸಹಜ. ಆದರೆ ಪ್ಲಾಸ್ಟರ್ ಮಾಡಿದ್ದು ಒಂದೇ ಕೆಲಸ, ಮೂಳೆಯನ್ನು ಅಲುಗಾಡದಂತೆ ಹಿಡಿದದ್ದು. ಮೂಳೆಯ ಜೊತೆಗೆ ಅಲುಗಾಡಬೇಕಾದದ್ದೂ ಆರು ವಾರ ಸುಮ್ಮನೆ ಕೂತಿತು.

ಒಂದು ಪ್ರಯೋಗ ಮಾಡಿ ನೋಡಿ. ನಿಮ್ಮ ಮನೆಯವರ ಮುಂಗೈಯನ್ನು ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಹಿಡಿದುಕೊಂಡು, ಬೆರಳು ಆಡಿಸಲು ಹೇಳಿ. ಮಾಂಸ ಕುಣಿಯುವುದು ಅಲ್ಲಿ. ಬೆರಳನ್ನು ಎಳೆಯುವ ದೊಡ್ಡ ಸ್ನಾಯುಗಳು ಇರುವುದು ಅಂಗೈಯಲ್ಲಿ ಅಲ್ಲ, ಮುಂಗೈಯಲ್ಲಿ. ಅಲ್ಲಿಂದ ಹಗ್ಗದಂಥ ಟೆಂಡನ್‌ಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಹೋಗುತ್ತವೆ. ನಿಮ್ಮ ಮೂಳೆ ಮುರಿದದ್ದು ಸರಿಯಾಗಿ ಆ ಹಗ್ಗಗಳು ಹಾಯುವ ಜಾಗದಲ್ಲಿ. ಮುರಿದಾಗ ಒಳಗೆ ರಕ್ತ ಸೋರುತ್ತದೆ, ನೀರು ತುಂಬುತ್ತದೆ. ಆ ನೀರು ತುಂಬ ದಿನ ನಿಂತರೆ ಹಲಸಿನ ಮೇಣದ ಹಾಗೆ ಅಂಟಾಗುತ್ತದೆ. ಹಗ್ಗ ಅಕ್ಕಪಕ್ಕಕ್ಕೆ ಅಂಟಿಕೊಳ್ಳುತ್ತದೆ. ಕೀಲಿನ ಸುತ್ತಲಿನ ಚೀಲ ಕುಗ್ಗುತ್ತದೆ. ಬಳಸದ ಸ್ನಾಯು ಸೊರಗುತ್ತದೆ. ಬೆರಳಿಗೆ ಪೆಟ್ಟೇ ಬಿದ್ದಿಲ್ಲ, ಆದರೂ ಬೆರಳು ಮಡಚುತ್ತಿಲ್ಲ ಯಾಕೆ ಎಂದರೆ ಕಾರಣ ಇದು.

ಮೇಣ ಅಂದೆ. ಆದರೆ ಎಣ್ಣೆ ಹಚ್ಚಿದರೆ ಬಿಡುವ ಮೇಣ ಅಲ್ಲ ಇದು. ಪಕ್ಕದ ಮನೆಯವರ ಸಲಹೆಗೆ ಆಮೇಲೆ ಬರುತ್ತೇನೆ.

ಚರ್ಮ ಹೊಟ್ಟು ಹೊಟ್ಟಾಗಿ ಏಳುತ್ತಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆರು ವಾರ ತೊಳೆಯದ ಚರ್ಮ ಅದು. ಕೆರೆಯಬೇಡಿ, ಉಜ್ಜುಗಲ್ಲು ಬೇಡ. ಸೋಪು ನೀರಲ್ಲಿ ತೊಳೆದು ಕೊಬ್ಬರಿ ಎಣ್ಣೆ ಸವರಿ. ಕೂದಲು ಜಾಸ್ತಿ ಬಂದಿದ್ದರೂ ತಾನಾಗಿ ಕಡಿಮೆಯಾಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಸಂಜೆ ಬೆರಳು ಊದುತ್ತವೆ ಅನ್ನುವ ಮಾತು. ಊತ ಇಳಿಯದೆ ಯಾವ ವ್ಯಾಯಾಮವೂ ಸರಿಯಾಗಿ ಹಿಡಿಯುವುದಿಲ್ಲ. ಊದಿದ ಬೆರಳನ್ನು ಮಡಚುವುದು ದಪ್ಪ ಕೈಗವಸು ಹಾಕಿಕೊಂಡು ಹೂ ಕಟ್ಟಿದ ಹಾಗೆ. ಆದ್ದರಿಂದ ಕೂತಾಗ ಕೈ ಕೆಳಗೆ ಜೋತು ಬಿಡಬೇಡಿ. ಎರಡು ದಿಂಬು ಇಟ್ಟು ಅದರ ಮೇಲೆ ಕೈ ಇಡಿ, ಎದೆಯ ಮಟ್ಟಕ್ಕಿಂತ ಮೇಲೆ ಇರಲಿ. ಮಲಗುವಾಗಲೂ ಹಾಗೇ. ದಿನಕ್ಕೆ ಕೆಲವು ಸಲ ಕೈಯನ್ನು ತಲೆಯ ಮೇಲೆ ಎತ್ತಿ, ಬೆರಳನ್ನು ಆದಷ್ಟು ಮಡಚಿ ಬಿಚ್ಚಿ, ಇಪ್ಪತ್ತು ಸಲ. ಸ್ನಾಯು ಹಿಂಡಿದಾಗ ನಿಂತ ನೀರು ಮೇಲಕ್ಕೆ ಹೋಗುತ್ತದೆ. ಬಲಗೈಯಲ್ಲಿ ಬಿಗಿ ಬಳೆ, ಉಂಗುರ ಇದ್ದರೆ ಸದ್ಯಕ್ಕೆ ತೆಗೆದಿಡಿ.

ಕತ್ತಿಗೆ ತೂಗು ಹಾಕುವ ಪಟ್ಟಿ ಇನ್ನೂ ಇದೆಯಾ? ಡಾಕ್ಟರು ಮುಂದುವರಿಸಲು ಹೇಳದಿದ್ದರೆ ಅದನ್ನು ಪೆಟ್ಟಿಗೆಗೆ ಹಾಕಿ. ತುಂಬ ಜನ ಬಸ್ಸಿನಲ್ಲಿ ಯಾರಾದರೂ ತಾಗಿಸುತ್ತಾರೆ ಅನ್ನುವ ಭಯಕ್ಕೆ ತಿಂಗಳುಗಟ್ಟಲೆ ಹಾಕಿಕೊಂಡೇ ಇರುತ್ತಾರೆ. ಆಮೇಲೆ ಮಣಿಕಟ್ಟಿನ ಜೊತೆ ಭುಜವೂ ಹಿಡಿದುಕೊಳ್ಳುತ್ತದೆ. ಭುಜ ಹಿಡಿದರೆ ಅದು ಮಣಿಕಟ್ಟಿಗಿಂತ ಹಟಮಾರಿ. ಬೆಳಿಗ್ಗೆ ಸಂಜೆ ಹತ್ತು ಸಲ ಅಟ್ಟದಿಂದ ಡಬ್ಬಿ ತೆಗೆಯುವ ಹಾಗೆ ಕೈ ಮೇಲೆತ್ತಿ, ಮೊಣಕೈ ಪೂರ್ತಿ ಮಡಚಿ ಬಿಚ್ಚಿ.

ಇನ್ನು ಕೈಯ ವ್ಯಾಯಾಮ. ನಿಮ್ಮ ಬಚ್ಚಲ ಹಂಡೆಯಲ್ಲಿ ಬಿಸಿನೀರು ಇದ್ದೇ ಇರುತ್ತದಲ್ವಾ? ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರು ಬಕೆಟ್ಟಿಗೆ ಹಾಕಿ ಹತ್ತು ನಿಮಿಷ ಕೈ ಅದ್ದಿ. ಬಿಸಿಯನ್ನು ಎಡಗೈಯಲ್ಲಿ ನೋಡಿ, ಕಟ್ಟು ಬಿಚ್ಚಿದ ಕೈಗೆ ಬಿಸಿ ಸರಿಯಾಗಿ ಗೊತ್ತಾಗದೇ ಇರಬಹುದು. ಉಪ್ಪು ಹಾಕುವುದು ಬಿಡುವುದು ನಿಮ್ಮಿಷ್ಟ, ಕೆಲಸ ಮಾಡುವುದು ನೀರಿನ ಬಿಸಿ. ಕೈ ನೀರಲ್ಲಿ ಇರುವಾಗಲೇ ಬೆರಳು ಆಡಿಸಲು ಶುರು ಮಾಡಿ. ಬಿಸಿಯಿಂದ ಊತ ಜಾಸ್ತಿ ಆಗುತ್ತಿದೆ ಅನಿಸಿದರೆ ಹೊತ್ತು ಕಡಿಮೆ ಮಾಡಿ, ಆಮೇಲೆ ಕೈ ಎತ್ತಿಡಿ.

ಬೆರಳಿಗೆ ಐದು ಆಕಾರ ಕಲಿಯಿರಿ. ಮೊದಲು ಬೆರಳೆಲ್ಲ ನೆಟ್ಟಗೆ. ಆಮೇಲೆ ಬುಡದ ಗೆಣ್ಣು ನೆಟ್ಟಗೇ ಇಟ್ಟು ಮೇಲಿನ ಎರಡು ಗೆಣ್ಣು ಮಾತ್ರ ಮಡಚಿ, ದೋಟಿಯ ಕೊಕ್ಕೆ ಹಾಗೆ. ಮತ್ತೆ ನೆಟ್ಟಗೆ ಮಾಡಿ, ಈಗ ಪೂರ್ತಿ ಮುಷ್ಟಿ, ಎಷ್ಟು ಬರುತ್ತೋ ಅಷ್ಟು. ಮತ್ತೆ ನೆಟ್ಟಗೆ. ಈಗ ಬುಡದ ಗೆಣ್ಣು ಮಾತ್ರ ಮಡಚಿ, ಬೆರಳು ಮನೆಯ ಸೂರಿನ ಹಾಗೆ ಚಾಚಿರಲಿ. ಕೊನೆಗೆ ಬೆರಳ ತುದಿ ಅಂಗೈಯ ಬುಡ ಮುಟ್ಟುವಂತೆ ಚಪ್ಪಟೆ ಮುಷ್ಟಿ. ಇದೇನು ನಾಟ್ಯ ಅಂತ ನಗಬೇಡಿ. ಒಂದೊಂದು ಬೆರಳಿಗೂ ಎರಡೆರಡು ಹಗ್ಗ ಇವೆ, ಒಂದು ನಡುಗೆಣ್ಣು ಮಡಚಲು, ಇನ್ನೊಂದು ತುದಿಗೆಣ್ಣು ಮಡಚಲು. ಬರೀ ಮುಷ್ಟಿ ಮಾಡಿದರೆ ಎರಡೂ ಒಟ್ಟಿಗೇ ಚಲಿಸುತ್ತವೆ. ಕೊಕ್ಕೆ ಆಕಾರದಲ್ಲಿ ಅವು ಒಂದರ ಮೇಲೊಂದು ಜಾರುತ್ತವೆ. ಅಂಟು ಬಿಡುವುದು ಆಗ. ಇದಾದ ಮೇಲೆ ಹೆಬ್ಬೆರಳು. ಬೆರಳಲ್ಲಿ ಲೆಕ್ಕ ಹಾಕುವ ಹಾಗೆ ಒಂದೊಂದೇ ಬೆರಳ ತುದಿಗೆ ಮುಟ್ಟಿಸುತ್ತಾ ಕಿರುಬೆರಳಿನ ತನಕ ಹೋಗಿ.

ಮಣಿಕಟ್ಟಿಗೆ: ಮುಂಗೈಯನ್ನು ಮೇಜಿನ ಮೇಲಿಟ್ಟು ಹಸ್ತವನ್ನು ಅಂಚಿನಿಂದ ಹೊರಗೆ ಬಿಡಿ. ಮೇಲೆ ಎತ್ತಿ, ಐದು ಎಣಿಸಿ, ಕೆಳಗೆ ಬಿಡಿ. ಇಲ್ಲಿ ಎಲ್ಲರೂ ಒಂದು ಕಳ್ಳಾಟ ಆಡುತ್ತಾರೆ, ಗೊತ್ತಿಲ್ಲದೇ. ಬೆರಳು ಬಿಚ್ಚಿಕೊಂಡು ಕೈ ಎತ್ತುತ್ತಾರೆ. ಆಗ ಎತ್ತುವುದು ಬೆರಳಿನ ಹಗ್ಗ, ಮಣಿಕಟ್ಟಿನ ಸ್ನಾಯು ಮಲಗೇ ಇರುತ್ತದೆ. ಬೆರಳನ್ನು ಸಡಿಲವಾಗಿ ಮಡಚಿಕೊಂಡು ಎತ್ತಿ. ಕಷ್ಟ ಅನಿಸುತ್ತದೆ, ಎತ್ತರ ಕಡಿಮೆ ಬರುತ್ತದೆ. ಅದೇ ನಿಜವಾದ ಲೆಕ್ಕ. ಒಳ್ಳೆಯ ಮಣಿಕಟ್ಟು ಮೇಲಕ್ಕೆ ಸುಮಾರು 70 ಡಿಗ್ರಿ, ಕೆಳಕ್ಕೆ 80 ಡಿಗ್ರಿ ಬಾಗುತ್ತದೆ. ಮನೆಗೆಲಸದ ಬಹುಪಾಲಿಗೆ ಎರಡೂ ಕಡೆ 40 ಡಿಗ್ರಿ ಸಾಕು. ಪೂರ್ತಿ ಬರಲಿಲ್ಲ ಅಂತ ಕೊರಗುವವರಿಗೆ ನಾನು ಇದನ್ನೇ ಹೇಳುವುದು.

ಈಗ ಮಗನ ಚೆಂಡು. ಎಡಗೈ ಮಣಿಕಟ್ಟನ್ನು ಕೆಳಕ್ಕೆ ಬಗ್ಗಿಸಿ ಜೋರಾಗಿ ಮುಷ್ಟಿ ಹಿಡಿಯಿರಿ. ಬಲವೇ ಇಲ್ಲ ಅಲ್ವಾ? ಈಗ ಸ್ವಲ್ಪ ಮೇಲೆ ಎತ್ತಿ ಹಿಡಿಯಿರಿ. ಹಿಡಿತ ಬಂತು. ಅಂದರೆ ಮಣಿಕಟ್ಟು ಮೇಲೇಳದೆ ಹಿಡಿತ ಬರುವುದಿಲ್ಲ. ಇನ್ನೊಂದು ವಿಷಯ, ಚೆಂಡು ಕೈಯಲ್ಲಿದ್ದರೆ ಬೆರಳು ಚೆಂಡಿನ ಹತ್ತಿರ ಬಂದು ನಿಲ್ಲುತ್ತದೆ, ಅಂಗೈ ಮುಟ್ಟುವುದೇ ಇಲ್ಲ. ನಿಮಗೆ ಬೇಕಿರುವುದು ಮುಷ್ಟಿಯ ಕೊನೆಯ ಅರ್ಧ. ಚೆಂಡು ಕಲಿಸುವುದು ಮೊದಲ ಅರ್ಧ. ಅದರ ಮೇಲೆ ದಿನವಿಡೀ ಹಿಸುಕಿದರೆ ಊತ. ಮಗನಿಗೆ ಬೇಜಾರಾಗದಂತೆ ಹೇಳಿ: ಬೆರಳು ಅಂಗೈ ಮುಟ್ಟುವ ತನಕ ಚೆಂಡು ಕಪಾಟಿನಲ್ಲಿ ಇರಲಿ. ಆಮೇಲೂ ಚೆಂಡಿಗಿಂತ ನಾದಿದ ಹಿಟ್ಟಿನ ಉಂಡೆ ಒಳ್ಳೆಯದು, ಹಿಸುಕಿದರೆ ಬೆರಳಿಗೆ ಜಾಗ ಬಿಡುತ್ತದೆ.

ಅಂಗೈ ಮೇಲೆ ಮಾಡುವುದು ಎಲ್ಲಕ್ಕಿಂತ ನಿಧಾನ. ಮುಂಗೈಯಲ್ಲಿ ಎರಡು ಮೂಳೆ ಇವೆ. ಒಂದು ನಿಂತಿರುತ್ತದೆ, ಇನ್ನೊಂದು ಅದರ ಸುತ್ತ ಹೊರಳುತ್ತದೆ. ನಿಮಗೆ ಮುರಿದಿರುವುದು ಹೊರಳುವ ಮೂಳೆಯೇ ಇರಬೇಕು, ಕೈ ಊರಿ ಬಿದ್ದಾಗ ಸಾಮಾನ್ಯವಾಗಿ ಅದೇ ಮುರಿಯುವುದು. ಮೊಣಕೈಯನ್ನು ಪಕ್ಕೆಗೆ ಒತ್ತಿ, ನಡುವೆ ಒಂದು ಮಡಚಿದ ಟವೆಲ್ ಸಿಕ್ಕಿಸಿಕೊಳ್ಳಿ. ಟವೆಲ್ ಬಿದ್ದರೆ ಭುಜ ಮೋಸ ಮಾಡಿತು ಅಂತ ಅರ್ಥ. ಈಗ ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡುವ ಹಾಗೆ ಅಂಗೈ ಮೇಲೆ ಮಾಡಿ. ಆಮೇಲೆ ರೊಟ್ಟಿ ತಟ್ಟುವ ಹಾಗೆ ಕೆಳಗೆ. ಒಂದು ವಾರದ ನಂತರ ಮರದ ಸೌಟನ್ನು ನೆಟ್ಟಗೆ ಹಿಡಿದು ಇದನ್ನೇ ಮಾಡಿ. ಸೌಟಿನ ತಲೆಯ ಭಾರ ಕೈಯನ್ನು ಮೆಲ್ಲಗೆ ಇನ್ನೊಂದಿಷ್ಟು ಹೊರಳಿಸುತ್ತದೆ. ತುದಿ ಹಿಡಿದಷ್ಟೂ ಭಾರ ಜಾಸ್ತಿ, ಆದ್ದರಿಂದ ಮೊದಲು ಮಧ್ಯದಲ್ಲಿ ಹಿಡಿಯಿರಿ.

ನಮಸ್ಕಾರ ಮಾಡುವ ಭಂಗಿಯೂ ಒಳ್ಳೆಯ ವ್ಯಾಯಾಮ. ಎದೆಯ ಮುಂದೆ ಅಂಗೈ ಜೋಡಿಸಿ, ಜೋಡಿಸಿದಂತೆಯೇ ಎರಡೂ ಕೈ ಹೊಟ್ಟೆಯ ಕಡೆಗೆ ಇಳಿಸಿ. ಎಳೆತ ಬಂದಲ್ಲಿ ನಿಲ್ಲಿಸಿ, ಇಪ್ಪತ್ತು ಎಣಿಸಿ. ಎಡಗೈ ಜೊತೆಗಿರಲಿ, ತಳ್ಳುವುದು ಬೇಡ.

ಎಷ್ಟು ಸಲ? ಒಂದೊಂದನ್ನೂ ಹತ್ತು ಸಲ, ಹೀಗೆ ದಿನಕ್ಕೆ ಐದಾರು ಬಾರಿ. ಬೆಳಿಗ್ಗೆ ಒಂದೇ ಸಲ ಒಂದು ಗಂಟೆ ಕೂತು ಮುಗಿಸಿಬಿಡುತ್ತೇನೆ ಅಂದರೆ ಆಗುವುದಿಲ್ಲ. ನೀವು ಮಲೆನಾಡಿನವರು, ನಿಮಗೆ ಹೇಳಬೇಕಾ? ಧೋ ಎಂದು ಸುರಿದ ಮಳೆ ಹಳ್ಳಕ್ಕೆ ಹರಿದುಹೋಗುತ್ತದೆ, ನೆಲಕ್ಕೆ ಇಳಿಯುವುದು ಸೋನೆ. ಕಾಫಿ ಕುಡಿದ ಮೇಲೆ ಒಂದು ಸಲ, ಊಟದ ಮೊದಲು ಒಂದು ಸಲ, ಧಾರಾವಾಹಿಯ ಜಾಹೀರಾತಿನ ನಡುವೆ ಒಂದು ಸಲ ಎಂದು ಗಂಟು ಹಾಕಿಕೊಳ್ಳಿ. ನೋವು ಬರುತ್ತದೆ. ಎಳೆತದ ನೋವು ಇರಲಿ. ನಿಲ್ಲಿಸಿದ ಮೇಲೆ ಒಂದು ಗಂಟೆಯೊಳಗೆ ಇಳಿದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಕೈ ಇನ್ನೂ ಊದಿಕೊಂಡೇ ಇದ್ದರೆ ಹಿಂದಿನ ದಿನ ಅತಿಯಾಗಿದೆ, ಅರ್ಧಕ್ಕೆ ಇಳಿಸಿ. ಬಿಟ್ಟೇ ಬಿಡಬೇಡಿ.

ವಾರಕ್ಕೊಂದು ಸಲ ಅಳತೆ ತೆಗೆಯಿರಿ. ಮುಷ್ಟಿ ಮಾಡಿದಾಗ ನಡುಬೆರಳ ತುದಿಗೂ ಅಂಗೈಗೂ ನಡುವಿನ ಸಂದಿನಲ್ಲಿ ಎಡಗೈಯ ಎಷ್ಟು ಬೆರಳು ಹಿಡಿಸುತ್ತವೆ ನೋಡಿ. ಕ್ಯಾಲೆಂಡರ್ ಮೇಲೆ ಬರೆದಿಡಿ. ದಿನಾ ನೋಡಿದರೆ ಏನೂ ಬದಲಾದಂತೆ ಕಾಣುವುದಿಲ್ಲ, ಬರೀ ಬೇಸರ.

ಎಣ್ಣೆ ಹಾಕಿ ಎಳೆಯುವ ವಿಷಯ. ಎಣ್ಣೆಯ ಮೇಲೆ ನನಗೆ ಯಾವ ಕೋಪವೂ ಇಲ್ಲ. ಬೆರಳ ತುದಿಯಿಂದ ಮೊಣಕೈ ಕಡೆಗೆ ಮೆಲ್ಲಗೆ ನೀವಿಕೊಂಡರೆ ಊತಕ್ಕೂ ಒಳ್ಳೆಯದು, ಮುಟ್ಟಿಸಿಕೊಳ್ಳುವ ಭಯವೂ ಹೋಗುತ್ತದೆ. ಎಳೆಯುವುದು ಬೇಡ. ಏಳೆಂಟು ವಾರದ ಮೂಳೆ ಕೂಡಿದೆ ನಿಜ, ಹಳೆಯ ಗಟ್ಟಿತನ ಬಂದಿಲ್ಲ. ಬಲವಂತವಾಗಿ ಎಳೆದರೆ ಅಂಟಿದ್ದು ಜಾರುವುದಿಲ್ಲ, ಹರಿಯುತ್ತದೆ. ಹರಿದರೆ ಮತ್ತೆ ರಕ್ತ, ಮತ್ತೆ ಊತ, ಮತ್ತೆ ಮೇಣ. ಇದನ್ನು ಪುಸ್ತಕದಿಂದ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಉತ್ಸಾಹದಲ್ಲಿ ಒಬ್ಬರ ಮಣಿಕಟ್ಟು ಒತ್ತಿದ್ದೆ. ಅವತ್ತು ಹತ್ತು ಡಿಗ್ರಿ ಜಾಸ್ತಿ ಬಂತು ಎಂದು ಖುಷಿಪಟ್ಟೆ. ಎರಡು ದಿನ ಬಿಟ್ಟು ಅವರು ಊದಿದ ಕೈ ಹಿಡಿದುಕೊಂಡು ಬಂದರು, ಹತ್ತು ಡಿಗ್ರಿಯ ಜೊತೆ ಮೊದಲಿನದ್ದೂ ಹೋಗಿತ್ತು.

ವ್ಯಾಯಾಮಕ್ಕಿಂತ ದೊಡ್ಡ ಮದ್ದು ಊಟ. ಅಂದರೆ, ಊಟ ಮಾಡುವ ಕೈ. ಪ್ಲಾಸ್ಟರ್ ಇದ್ದಾಗ ಎಡಗೈಯಲ್ಲಿ ಚಮಚ ಹಿಡಿದು ಅಭ್ಯಾಸ ಆಗಿರುತ್ತದೆ. ಇವತ್ತಿನಿಂದಲೇ ಅದನ್ನು ಬಿಡಿ. ಅನ್ನ ಕಲಸಿ, ತುತ್ತು ಕಟ್ಟಿ, ಅಂಗೈ ತಿರುಗಿಸಿ ಬಾಯಿಗೆ ಇಡುವುದರಲ್ಲಿ ಮೇಲೆ ಹೇಳಿದ್ದೆಲ್ಲ ಇದೆ. ಚೆಲ್ಲಿದರೆ ಚೆಲ್ಲಲಿ. ಅಕ್ಕಿ ಆರಿಸುವುದು, ಹೂ ಕಟ್ಟುವುದು, ಬಟ್ಟೆ ಮಡಚುವುದು, ತಲೆ ಬಾಚುವುದು, ಎಲ್ಲವೂ ಈಗಲೇ ಮಾಡಬಹುದು. ಅಕ್ಕಿ ರೊಟ್ಟಿ ತಟ್ಟುವುದನ್ನು ಇನ್ನು ಮೂರ್ನಾಲ್ಕು ವಾರ ಬಿಟ್ಟು ಹಗುರಾಗಿ ಶುರು ಮಾಡಿ. ಚಪಾತಿ ಲಟ್ಟಿಸಲು ಭಾರ ಬೀಳುತ್ತದೆ, ಇನ್ನೂ ತಡ ಆಗಲಿ. ಬಿದ್ದ ದಿನದಿಂದ ಮೂರು ತಿಂಗಳಾಗಿ, ಡಾಕ್ಟರು ನೋಡಿ ಸರಿ ಅನ್ನುವ ತನಕ ತುಂಬಿದ ಕೊಡ, ಬಾವಿ ಹಗ್ಗ, ಕಂಬಳಿ ಹಿಂಡುವುದು, ಸೌದೆ ಒಡೆಯುವುದು ಬೇಡ. ನೆಲದಿಂದ ಏಳುವಾಗ ಬಲಗೈ ಊರಿ ಏಳಬೇಡಿ.

ಕೆಲವು ಲಕ್ಷಣ ಕಂಡರೆ ಮಾತ್ರ ಕಾಯಬೇಡಿ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಹೆಬ್ಬೆರಳು ಮಾತ್ರ ಮೇಲೆತ್ತಿ. ಇದನ್ನು ಆಗಾಗ ನೋಡಿಕೊಳ್ಳಿ. ಇಷ್ಟು ದಿನ ಏಳುತ್ತಿದ್ದ ಹೆಬ್ಬೆರಳು ಒಂದು ದಿನ ಇದ್ದಕ್ಕಿದ್ದಂತೆ ಏಳದಿದ್ದರೆ ಅದರ ಹಗ್ಗ ಸವೆದು ಕಡಿದಿರಬಹುದು. ಮೂಳೆ ಹೆಚ್ಚು ಸರಿಯದೆ ಚೆನ್ನಾಗಿ ಕೂಡಿದವರಲ್ಲೂ, ವಾರಗಳ ನಂತರ, ನೋವೇ ಇಲ್ಲದೆ ಹೀಗಾಗುವುದುಂಟು. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಜೋಮು ಹಿಡಿದು ರಾತ್ರಿ ಎಬ್ಬಿಸಿದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರಬಹುದು. ಮೂರನೆಯದು ಎಲ್ಲಕ್ಕಿಂತ ತೊಂದರೆಯದು: ಬಿದ್ದ ಪೆಟ್ಟನ್ನು ಮೀರಿದ ಉರಿ, ಕೈ ಕೆಂಪಾಗಿ ಅಥವಾ ನೀಲಿಯಾಗಿ ಹೊಳೆಯುವುದು, ಒಂದೇ ಕೈ ಬೆವರುವುದು, ಸೆರಗು ತಾಗಿದರೂ ಉರಿಯುವುದು. ಹೀಗಾದಾಗ ಜನ ಕೈಯನ್ನು ಬಟ್ಟೆಯಲ್ಲಿ ಸುತ್ತಿ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಅದರಿಂದ ಇನ್ನೂ ಹದಗೆಡುತ್ತದೆ. ಬೇಗ ಹೋದರೆ ಬೇಗ ಹತೋಟಿಗೆ ಬರುತ್ತದೆ.

ಕಿರುಬೆರಳ ಕಡೆ ಮಣಿಕಟ್ಟಿನಲ್ಲಿ ಸಣ್ಣ ಗಂಟು ಎದ್ದಂತೆ ಕಂಡರೆ ಅದು ಹಾಗೇ ಉಳಿಯಬಹುದು. ಈ ಮುರಿತಕ್ಕೆ ಡಾಕ್ಟರುಗಳು ಕೋಲಿಸ್ ಫ್ರಾಕ್ಚರ್ ಅನ್ನುತ್ತಾರೆ. ಡಬ್ಲಿನ್‌ನ ಅಬ್ರಹಾಂ ಕೋಲಿಸ್ ಎಂಬ ಸರ್ಜನ್ 1814ರಲ್ಲಿ, ಎಕ್ಸ್‌ರೇ ಬರುವುದಕ್ಕೆ 80 ವರ್ಷ ಮೊದಲೇ, ಇದನ್ನು ವಿವರಿಸಿದ. ಆಕಾರ ಸೊಟ್ಟ ಉಳಿದರೂ ಕಾಲ ಕಳೆದಂತೆ ಕೈ ಆಡುತ್ತದೆ, ನೋವು ಹೋಗುತ್ತದೆ ಎಂದು ಆಗಲೇ ಬರೆದಿದ್ದ. ಎಲ್ಲರ ವಿಷಯದಲ್ಲೂ ಅದು ನಿಜವಾಗುವುದಿಲ್ಲ. ಆದರೆ ಸ್ವಲ್ಪ ಸೊಟ್ಟಗಿದ್ದರೂ ಚೆನ್ನಾಗಿ ಕೆಲಸ ಮಾಡುವ ಕೈಗಳನ್ನು ನಾನೂ ಬೇಕಾದಷ್ಟು ನೋಡಿದ್ದೇನೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ನಿಂತ ನಿಲುವಿನಿಂದ ಜಾರಿ ಬಿದ್ದಿದ್ದಕ್ಕೇ ಮೂಳೆ ಮುರಿದಿದೆ, ನಿಮಗೆ 54. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಪರೀಕ್ಷೆ) ಮತ್ತು ವಿಟಮಿನ್ ಡಿ ಪರೀಕ್ಷೆ ಬೇಕಾ ಎಂದು ನೀವಾಗಿಯೇ ಕೇಳಿ. ಮಣಿಕಟ್ಟು ಮೊದಲ ಎಚ್ಚರಿಕೆ ಆದರೆ, ಮುಂದಿನದು ಸೊಂಟದ ಮೂಳೆ ಆಗಬಾರದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ನಮ್ಮ ಹಾಸನದ ಕಡೆಯ ಮುದ್ದೆಯನ್ನು ನಿಮ್ಮ ಕಡುಬಿನ ಪಕ್ಕ ಸ್ವಲ್ಪ ಸೇರಿಸಿಕೊಳ್ಳಿ, ಜಗಳ ಬೇಡ. ಹಾಗೇ ಆ ಅಂಗಳದ ಪಾಚಿಯನ್ನು ಮಗನ ಕೈಯಲ್ಲಿ ಬ್ಲೀಚಿಂಗ್ ಪುಡಿ ಹಾಕಿಸಿ ಉಜ್ಜಿಸಿ. ಚೆಂಡು ತಂದ ಉತ್ಸಾಹ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಫಿಸಿಯೋಥೆರಪಿಗೆ ದಿನಾ ಚಿಕ್ಕಮಗಳೂರಿಗೆ ಓಡಾಡಬೇಕಿಲ್ಲ. ವಾರಕ್ಕೋ ಹತ್ತು ದಿನಕ್ಕೋ ಒಂದು ಸಲ ಹೋಗಿ, ಮಾಡುತ್ತಿರುವುದು ಸರಿಯಾ ಎಂದು ತೋರಿಸಿಕೊಂಡು ಬಂದರೆ ಸಾಕು. ಕೊನೆಯ ಎಕ್ಸ್‌ರೇ ಜೊತೆಗೆ ಒಯ್ಯಿರಿ. ಕೈಗೆ ಬರೀ ಮಿಷಿನ್ ಇಟ್ಟು, ಏನೂ ಹೇಳಿಕೊಡದೆ ಕಳಿಸಿದರೆ ಬೇರೆಯವರನ್ನು ನೋಡಿ. ನಾಲ್ಕು ವಾರ ಮೇಲೆ ಹೇಳಿದ್ದೆಲ್ಲ ಮಾಡಿಯೂ ಕ್ಯಾಲೆಂಡರಿನ ಅಳತೆ ಒಂದಿಷ್ಟೂ ಬದಲಾಗದಿದ್ದರೆ ಮೂಳೆ ಡಾಕ್ಟರಿಗೇ ಮತ್ತೆ ತೋರಿಸಬೇಕು.

ಕೊಯ್ಲಿನ ಹೊತ್ತಿಗೆ ನಿಮಗೆ ಹದಿನೈದು ಹದಿನಾರು ವಾರ ಆಗಿರುತ್ತದೆ. ಅರೇಬಿಕಾ ಗಿಡದ ಕೆಳಗಿನ ರೆಕ್ಕೆಗಳಿಂದ, ಅಂದರೆ ಕೊಂಬೆಗಳಿಂದ ಶುರು ಮಾಡಿ, ಮೊದಲ ವಾರ ಬೆಳಿಗ್ಗೆ ಎರಡು ಗಂಟೆ ಸಾಕು. ಸೊಂಟಕ್ಕೆ ಕಟ್ಟಿದ ಚೀಲ ಅರ್ಧ ತುಂಬುತ್ತಲೇ ಖಾಲಿ ಮಾಡಿ, ಮೂಟೆ ಬೇರೆಯವರು ಹೊರಲಿ. ರೋಬಸ್ಟಾ ಇದ್ದರೆ ಅದು ಹಣ್ಣಾಗುವ ಹೊತ್ತಿಗೆ ಕೈ ಇನ್ನಷ್ಟು ಬಂದಿರುತ್ತದೆ. ಹಿಡಿತದ ಬಲ ಪೂರ್ತಿ ಮರಳಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಆದ್ದರಿಂದ ಕಾಳುಮೆಣಸಿಗೆ ಏಣಿ ಹತ್ತುವ ಮಾತು ಈ ವರ್ಷ ಬೇಡ.